ಟ್ರ್ಯಾಕ್ಟರಿಗೆ ಸ್ವಂತ ಕೈಯಿಂದ ಬೊಡ್ಡೆ ಅರೆಯುವ ಯಂತ್ರ: ಯಾವ ದಾರಿ ಯಾರಿಗೆ?

ಮರ ಕಡಿದಾಯಿತು, ಕೊಂಬೆ ಸಾಗಿಸಿಯಾಯಿತು. ಬೊಡ್ಡೆ ಮಾತ್ರ ನೆಲವನ್ನು ಕಚ್ಚಿಕೊಂಡು ಕೂತಿದೆ. ಉಳುವಾಗಲೆಲ್ಲ ಅದನ್ನು ಬಳಸಿಕೊಂಡು ಹೋಗಬೇಕು. ಒಮ್ಮೆ ಮರೆತರೆ ನೇಗಿಲಿನ ಕುಳ ಹೋಯಿತು. ಹೀಗೆ ಬೇಸತ್ತು ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಸ್ಟಂಪ್ ಗ್ರೈಂಡರನ್ನು ತಾವೇ ಮಾಡಿಕೊಳ್ಳಲು ಹೊರಟವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಪೊದೆ ಕತ್ತರಿಸುವ ಹಳೆಯ ಸ್ಲ್ಯಾಷರಿನ ಗೇರ್‌ಬಾಕ್ಸ್ ಬಿದ್ದಿದೆ, ಜೀಪಿನ ಹಿಂದಿನ ಆಕ್ಸಲ್ ಕೂಡ ಇದೆ. ಯಾವುದನ್ನು ಹಾಕಲಿ?" ಅಷ್ಟರಲ್ಲಿ, ಹಲ್ಲು ಕೂರಿಸಿ ಬೊಡ್ಡೆಯನ್ನು ಹೆರೆಯುವ ಚಕ್ರಕ್ಕೆಂದು ದಪ್ಪ ತಗಡನ್ನು ದುಂಡಗೆ ಕತ್ತರಿಸಿಯೂ ಆಗಿರುತ್ತದೆ.

ಚಕ್ರ ಕತ್ತರಿಸುವುದು ಈ ಕೆಲಸದ ಅತಿ ಸುಲಭದ ಭಾಗ. ಅದಕ್ಕೇ ಎಲ್ಲರೂ ಅಲ್ಲಿಂದ ಆರಂಭಿಸುತ್ತಾರೆ. ಶೆಡ್ಡಿನ ಮೂಲೆಯಲ್ಲಿ ಅರ್ಧಕ್ಕೆ ನಿಂತ ಇಂಥ ಯಂತ್ರಗಳು ಬಹುಮಟ್ಟಿಗೆ ನಿಂತಿರುವುದು ಚಕ್ರ ತಿರುಗದೆ ಅಲ್ಲ. ತಿರುಗುವ ಚಕ್ರವನ್ನು ಬೊಡ್ಡೆಯ ಮೇಲೆ ನಿಧಾನವಾಗಿ, ಹಿಡಿತದಲ್ಲಿ ಅಡ್ಡಡ್ಡ ಆಡಿಸುವ ಬಗೆಯನ್ನು ಮೊದಲೇ ಯೋಚಿಸದ ಕಾರಣ ನಿಂತಿವೆ. ಆದ್ದರಿಂದ ಗೇರ್‌ಬಾಕ್ಸೋ ಆಕ್ಸಲೋ ಎಂಬುದಕ್ಕೆ ಮುನ್ನ ಈ ಆಟದ ಲೆಕ್ಕ ಹಾಕಬೇಕು.

ಇನ್ನೂ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮಲ್ಲಿರುವುದು ನಾಲ್ಕೈದು ಬೊಡ್ಡೆಗಳಾದರೆ ಯಂತ್ರ ಮಾಡಬೇಡಿ. ಬಾಡಿಗೆಗೆ ತನ್ನಿ, ಅಥವಾ ಮಣ್ಣು ಅಗೆಯುವ ಯಂತ್ರದವರಿಂದ ಕೀಳಿಸಿ. ಅವಸರವಿಲ್ಲದಿದ್ದರೆ ನೆಲಮಟ್ಟಕ್ಕೆ ಕತ್ತರಿಸಿ, ಮಣ್ಣು ಮುಚ್ಚಿ, ಗೆದ್ದಲಿಗೂ ಅಣಬೆಗೂ ಬಿಟ್ಟುಬಿಡಿ. ಬೊಡ್ಡೆಗಳು ಹತ್ತಾರು ಇದ್ದು, ವರ್ಷವರ್ಷವೂ ಹೊಸವು ಸೇರುತ್ತಿದ್ದು, ವೆಲ್ಡಿಂಗ್ ಕೈಗೆ ಒಗ್ಗಿದ್ದರೆ ಮುಂದೆ ಓದಿ.

ಅಳೆಯಬೇಕಾದದ್ದು ಏನು?

ಮೊದಲನೆಯದು ಹಲ್ಲಿನ ತುದಿಯ ವೇಗ. ಬೊಡ್ಡೆಯನ್ನು ಹೆರೆಯಲು ತುದಿಯ ವೇಗ ಸೆಕೆಂಡಿಗೆ 25ರಿಂದ 40 ಮೀಟರಿನ ಒಳಗಿದ್ದರೆ ಚೆನ್ನ. ಅದಕ್ಕಿಂತ ಬಹಳ ಕಡಿಮೆಯಾದರೆ ಹಲ್ಲು ಹೆರೆಯುವುದಿಲ್ಲ, ಕೊಕ್ಕೆಯಂತೆ ಸಿಕ್ಕಿಹಾಕಿಕೊಂಡು ಟ್ರ್ಯಾಕ್ಟರನ್ನೇ ಕುಲುಕುತ್ತದೆ. ಬಹಳ ಹೆಚ್ಚಾದರೆ ಹಲ್ಲು ಕಿತ್ತು ಬಂದಾಗ ಅದು ಗುಂಡು. ಲೆಕ್ಕ ಸರಳ: ಚಕ್ರದ ಸುತ್ತಳತೆಯನ್ನು ಸೆಕೆಂಡಿನ ಸುತ್ತುಗಳಿಂದ ಗುಣಿಸಿ. ಪಿಟಿಓ ಎಂದರೆ ಕಟ್ಟಿದ ಯಂತ್ರವನ್ನು ಓಡಿಸಲು ಟ್ರ್ಯಾಕ್ಟರಿನ ಹಿಂದೆ ಇರುವ ತಿರುಗುವ ಶಾಫ್ಟ್. ಪಿಟಿಓ 540 ಎಂದರೆ ನಿಮಿಷಕ್ಕೆ 540 ಸುತ್ತು, ಸೆಕೆಂಡಿಗೆ 9. 600 ಮಿ.ಮೀ. ಅಡ್ಡಳತೆಯ ಚಕ್ರವನ್ನು ಅದಕ್ಕೆ ನೇರವಾಗಿ ಕೂರಿಸಿದರೆ ತುದಿಯ ವೇಗ 17 ಮೀಟರ್ ಮಾತ್ರ. ಅಂದರೆ ವೇಗ ಹೆಚ್ಚಿಸುವ ಏನಾದರೊಂದು ನಡುವೆ ಬೇಕು, ಇಲ್ಲವೇ ಚಕ್ರ ದೊಡ್ಡದಾಗಬೇಕು.

ಎರಡನೆಯದು ಬಲ. ಪಿಟಿಓದಲ್ಲಿ 30 ಅಶ್ವಶಕ್ತಿ ಸಿಗುವ ಟ್ರ್ಯಾಕ್ಟರ್ ಎಂದುಕೊಳ್ಳಿ, ಸುಮಾರು 22 ಕಿಲೋವಾಟ್. ತುದಿಯ ವೇಗ 33 ಮೀಟರ್ ಇದ್ದಾಗ ಹಲ್ಲುಗಳಲ್ಲಿ ಸಿಗುವ ಒಟ್ಟು ತಳ್ಳುಬಲ 70 ಕಿಲೋ ತೂಕದಷ್ಟು ಮಾತ್ರ. ಇಷ್ಟೇನಾ ಎನಿಸಬಹುದು. ಹೌದು, ಇಷ್ಟೇ. ಹಾಗಾಗಿ ಒಂದು ಹೊತ್ತಿಗೆ ಒಂದೆರಡು ಹಲ್ಲುಗಳಷ್ಟೇ ಮರದೊಳಗೆ ಇರಬೇಕು, ಅವೂ ತೆಳ್ಳಗೆ ಹೆರೆಯಬೇಕು. ಚಕ್ರದ ತುಂಬ ಹಲ್ಲು ತುರುಕಿದವನ ಯಂತ್ರ ಕಡಿಮೆ ಹಲ್ಲಿನವನದಕ್ಕಿಂತ ಬೇಗ ಉಸಿರುಗಟ್ಟುವುದು ಇದೇ ಕಾರಣಕ್ಕೆ.

ಮೂರನೆಯದು ಹೊಡೆತ ತಾಳುವ ಗುಣ. ಬೇರಿನ ನಡುವೆ ಕಲ್ಲು ಇದ್ದೇ ಇರುತ್ತದೆ. ಆ ಹೊಡೆತ ಎಲ್ಲಿ ಇಳಿಯುತ್ತದೆ? ಬೆಲ್ಟು ಜಾರಿದರೆ ಸರಿ, ಹೊಡೆತಕ್ಕೆ ತಾನೇ ಮುರಿಯಲೆಂದು ಹಾಕುವ ಶಿಯರ್ ಬೋಲ್ಟ್ ತುಂಡಾದರೂ ಸರಿ. ಟ್ರ್ಯಾಕ್ಟರಿನ ಒಳಗಿನ ಪಿಟಿಓ ಗೇರ್ ಮುರಿದರೆ ಮಾತ್ರ ಉಳಿಸಿದ್ದೆಲ್ಲ ಒಂದೇ ದಿನದಲ್ಲಿ ಹೋಯಿತು. ಪ್ರತಿಯೊಂದು ದಾರಿಯನ್ನೂ ನಾನು ಕೊನೆಗೆ ತೂಗುವುದು ಹೀಗೆಯೇ: ಇದು ಕೆಟ್ಟರೆ ಎಲ್ಲಿ ಕೆಡುತ್ತದೆ?

ನಾಲ್ಕನೆಯದು, ನನ್ನ ಪಾಲಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಚಕ್ರದ ಬೀಸು. ಅಂಗಡಿಯಲ್ಲಿ ಮಾರುವ ಯಂತ್ರಗಳಲ್ಲಿ ಚಕ್ರವು ಟ್ರ್ಯಾಕ್ಟರಿನ ಗಾಲಿಗಳ ಹಾಗೆ ಮುಂದುಹಿಂದಾಗಿ ನಿಂತಿದ್ದು, ಇಡೀ ತೋಳು ಎಡಕ್ಕೂ ಬಲಕ್ಕೂ ಬೀಸುತ್ತದೆ. ಪಕ್ಕಕ್ಕೆ ಚಾಚಿದ ಹಲ್ಲುಗಳು ಪ್ರತಿ ಬೀಸಿಗೂ ಒಂದು ಪದರ ಹೆರೆದು ಹಾಕುತ್ತವೆ. ಅಂಥ ಬೀಸು ಬೇಕಾದರೆ ಪಿಟಿಓದ ತಿರುಗಾಟವನ್ನು ಲಂಬಕೋನದಲ್ಲಿ ತಿರುಗಿಸಬೇಕು. ಗೇರ್‌ಬಾಕ್ಸಿನ ಆಯ್ಕೆ ಹುಟ್ಟುವುದೇ ಇಲ್ಲಿಂದ.

ಗೇರ್‌ಬಾಕ್ಸೇ ಇಲ್ಲದೆ, ನೇರವಾಗಿ

ಎರಡು ಗಟ್ಟಿ ಬೇರಿಂಗ್, ಒಂದು ದಪ್ಪ ಶಾಫ್ಟ್, ತುದಿಗೆ ಚಕ್ರ, ಮುಂದಿನ ತುದಿಗೆ ಪಿಟಿಓ ಶಾಫ್ಟ್. ಎರಡೇ ದಿನದ ಕೆಲಸ. ಚಕ್ರವನ್ನು 900 ಮಿ.ಮೀ.ಗೆ ಏರಿಸಿದರೆ 540 ಸುತ್ತಿನಲ್ಲೇ ತುದಿಯ ವೇಗ 25 ಮೀಟರ್ ದಾಟುತ್ತದೆ. ಟ್ರ್ಯಾಕ್ಟರಿನಲ್ಲಿ 1000ದ ಪಿಟಿಓ ಇದ್ದರೆ 600 ಮಿ.ಮೀ. ಚಕ್ರಕ್ಕೇ 31 ಮೀಟರ್ ಸಿಗುತ್ತದೆ. ಖರ್ಚು ಎಲ್ಲಕ್ಕಿಂತ ಕಡಿಮೆ, ಕೆಡಲು ಏನೂ ಇಲ್ಲ.

ತೊಡಕು ಬೇರೆ ಕಡೆ ಇದೆ. ಇಲ್ಲಿ ಚಕ್ರ ಟ್ರ್ಯಾಕ್ಟರಿಗೆ ಅಡ್ಡಲಾಗಿ ನಿಲ್ಲುತ್ತದೆ, ಅದರ ಮುಖ ನಿಮ್ಮ ಬೆನ್ನಿಗೆ. ಪಕ್ಕಕ್ಕೆ ಆಡಿಸಿದರೆ ಗರಗಸದ ಹಾಗೆ ಎರಡು ಅಂಗುಲ ಅಗಲದ ಸೀಳು ಬೀಳುತ್ತದೆ ಅಷ್ಟೇ. ಮುಂದಿನ ಸೀಳಿಗೆ ಟ್ರ್ಯಾಕ್ಟರನ್ನು ಎರಡು ಅಂಗುಲ ಸರಿಸಬೇಕು. ಒಂದು ದೊಡ್ಡ ಬೊಡ್ಡೆಗೆ ಎಷ್ಟು ಸಲ ಕ್ಲಚ್ ತುಳಿಯಬೇಕೆಂದು ನೀವೇ ಎಣಿಸಿ. ಜೊತೆಗೆ 25 ಮಿ.ಮೀ. ದಪ್ಪದ 900 ಮಿ.ಮೀ. ಚಕ್ರವೊಂದೇ 125 ಕಿಲೋ ತೂಗುತ್ತದೆ. ಸಣ್ಣ ಟ್ರ್ಯಾಕ್ಟರಿನ ಲಿಫ್ಟಿಗೆ ಅದು, ಅದರ ಚೌಕಟ್ಟು, ಎರಡೂ ಸೇರಿ ಹೊರೆ. ಹಿಂದೆ ನಿಂತು ನೋಡಿದರೆ ಪಿಟಿಓ ಗಡಿಯಾರದ ಮುಳ್ಳಿನಂತೆ ತಿರುಗುವುದರಿಂದ ಚಕ್ರದ ಕೆಳಭಾಗ ಎಡಕ್ಕೆ ಓಡುತ್ತದೆ, ಚೂರುಗಳೆಲ್ಲ ಎಡಕ್ಕೇ ಹಾರುತ್ತವೆ. ಆ ಕಡೆ ಗಟ್ಟಿಯಾದ ಮರೆ ಕಟ್ಟದೆ ಓಡಿಸಲೇಬಾರದು.

ಬೊಡ್ಡೆಗಳು ಒಂದು ಅಡಿಗಿಂತ ಸಣ್ಣವಾಗಿದ್ದು, ಸಾಲಿನಲ್ಲಿ ಇದ್ದರೆ ಇದು ಸಾಕು. ಹಳೆಯ ತೋಟ ತೆಗೆದು ಹೊಸದು ಹಾಕುವವರಿಗೆ ಈ ಸರಳ ಯಂತ್ರ ಒಪ್ಪುತ್ತದೆ. ಮೂರು ಅಡಿಯ ಬುಡಗಳಿಗೆ ಇದನ್ನು ನೆಚ್ಚಬೇಡಿ.

ಸ್ಲ್ಯಾಷರಿನ ಗೇರ್‌ಬಾಕ್ಸ್

ಪೊದೆ ಕತ್ತರಿಸುವ ಸ್ಲ್ಯಾಷರಿನ ಗೇರ್‌ಬಾಕ್ಸ್ ಈ ಕೆಲಸಕ್ಕೆಂದೇ ಹುಟ್ಟಿದಂತಿದೆ. ಲಂಬಕೋನದ ತಿರುವು, ವೇಗ ಹೆಚ್ಚಿಸುವ ಗೇರುಗಳು, ಹೊಡೆತಕ್ಕೆ ಒಗ್ಗಿದ ದಪ್ಪ ಶಾಫ್ಟ್. ಸಾಮಾನ್ಯವಾಗಿ ಸಿಗುವ ಅನುಪಾತಗಳಲ್ಲಿ 1:1.47 ಮತ್ತು 1:1.93 ಎರಡೂ ಇವೆ. 600 ಮಿ.ಮೀ. ಚಕ್ರಕ್ಕೆ ಮೊದಲನೆಯದರಲ್ಲಿ ಸುಮಾರು 25, ಎರಡನೆಯದರಲ್ಲಿ ಸುಮಾರು 33 ಮೀಟರ್ ವೇಗ ಬರುತ್ತದೆ. ಎರಡೂ ಬೇಕಾದ ಎಲ್ಲೆಯೊಳಗೇ ಇವೆ. 1000ದ ಪಿಟಿಓಗೆ ಮಾತ್ರ 1.93ರ ಡಬ್ಬಿಯನ್ನು ಕಟ್ಟಬೇಡಿ. ತುದಿಯ ವೇಗ 60 ಮೀಟರ್ ಆಗಿಬಿಡುತ್ತದೆ. ಅನುಪಾತ ಗೊತ್ತಿಲ್ಲದ ಹಳೆಯ ಡಬ್ಬಿಯಾದರೆ ಒಳಶಾಫ್ಟನ್ನು ಕೈಯಿಂದ ಹತ್ತು ಸುತ್ತು ತಿರುಗಿಸಿ, ಹೊರಶಾಫ್ಟ್ ಎಷ್ಟು ಸುತ್ತಿತೆಂದು ಎಣಿಸಿ. ರೋಟವೇಟರಿನ ಗೇರ್‌ಬಾಕ್ಸನ್ನು ಇದರದೇ ತಮ್ಮ ಎಂದುಕೊಂಡು ತರುವವರಿದ್ದಾರೆ. ಅದು ವೇಗವನ್ನು ಇಳಿಸುವಂಥದ್ದು, ಇಲ್ಲಿಗೆ ಸಲ್ಲದು.

ಇಲ್ಲಿ ಬಹಳ ಮಂದಿ ಎಡವುವುದು ಎಣ್ಣೆಯ ವಿಷಯದಲ್ಲಿ. ಸ್ಲ್ಯಾಷರಿನಲ್ಲಿ ಹೊರಶಾಫ್ಟ್ ನೆಲದ ಕಡೆಗೆ ಮುಖಮಾಡಿರುತ್ತದೆ. ನಾವು ಡಬ್ಬಿಯನ್ನು ಮಗ್ಗುಲಿಗೆ ಮಲಗಿಸುತ್ತೇವೆ. ಮಲಗಿಸಿದ ಮೇಲೆ ಎಣ್ಣೆ ನೋಡುವ ತೂತು ಎಲ್ಲೋ, ಗಾಳಿಯಾಡುವ ತೂತು ಇನ್ನೆಲ್ಲೋ ಹೋಗಿರುತ್ತದೆ. ಹಳೆಯ ಗುರುತಿಗೆ ಎಣ್ಣೆ ತುಂಬಿದರೆ ಮೇಲೆ ಉಳಿದ ಬೇರಿಂಗಿಗೆ ಎಣ್ಣೆ ತಾಗುವುದೇ ಇಲ್ಲ; ಗಾಳಿಯ ತೂತು ಎಣ್ಣೆಯೊಳಗೆ ಮುಳುಗಿದ್ದರೆ ಬಿಸಿಯಾದಾಗ ಸೀಲುಗಳ ಮೂಲಕ ಎಣ್ಣೆ ಉಕ್ಕುತ್ತದೆ. ಮಲಗಿಸಿದ ಸ್ಥಿತಿಯಲ್ಲಿ ಗೇರು ಮತ್ತು ಬೇರಿಂಗುಗಳು ಎಲ್ಲಿವೆ ಎಂದು ನೋಡಿ, ಎಣ್ಣೆಯ ಮಟ್ಟವನ್ನು ಹೊಸದಾಗಿ ಗೊತ್ತುಮಾಡಿ, ಗಾಳಿಯ ತೂತನ್ನು ಈಗಿನ ನೆತ್ತಿಗೆ ಒಯ್ಯಿರಿ. ಅರ್ಧ ದಿನದ ಕೆಲಸ, ಆದರೆ ಡಬ್ಬಿಯ ಆಯುಸ್ಸು ಅದರಲ್ಲಿದೆ.

ತಿರುಗುವ ದಿಕ್ಕನ್ನೂ ಈಗಲೇ ನೋಡಿಕೊಳ್ಳಬೇಕು. ಟ್ರ್ಯಾಕ್ಟರಿನಿಂದ ದೂರದ ಅಂಚಿನಲ್ಲಿ ಹಲ್ಲು ಮೇಲಿನಿಂದ ಕೆಳಗೆ ಬರಬೇಕು. ಆಗ ಚೂರುಗಳು ಯಂತ್ರದ ಅಡಿಗೆ ಬೀಳುತ್ತವೆ, ಅಲ್ಲಿ ದಪ್ಪ ರಬ್ಬರಿನ ಪರದೆ ಇಳಿಬಿಟ್ಟರೆ ತಡೆಯಬಹುದು. ದಿಕ್ಕು ತಿರುಗಾಮುರುಗಾ ಆಗಿದ್ದರೆ ಡಬ್ಬಿಯನ್ನು ಇನ್ನೊಂದು ಮಗ್ಗುಲಿಗೆ ಮಲಗಿಸಿದರಾಯಿತು.

ಚಕ್ರವನ್ನು ಡಬ್ಬಿಯ ಶಾಫ್ಟಿಗೇ ಕೂರಿಸಬಹುದೇ? 600 ಮಿ.ಮೀ. ಒಳಗಿನ ಚಕ್ರಕ್ಕೆ, ಡಬ್ಬಿ ಟ್ರ್ಯಾಕ್ಟರಿನ ಶಕ್ತಿಗಿಂತ ಒಂದು ಮೆಟ್ಟಿಲು ದೊಡ್ಡದಾಗಿದ್ದರೆ, ಆಗಬಹುದು. ನನ್ನ ಮನಸ್ಸು ಮಾತ್ರ ಚಕ್ರಕ್ಕೆ ಬೇರೆಯೇ ಶಾಫ್ಟು, ಬೇರೆಯೇ ಟೇಪರ್ ಬೇರಿಂಗು ಕೊಟ್ಟು ನಡುವೆ ಕಪ್ಲಿಂಗ್ ಹಾಕುವ ಕಡೆಗೆ ಒಲಿಯುತ್ತದೆ. ಬೇರಿಂಗ್ ಹಾಳಾದರೆ ಬೇರಿಂಗ್ ಬದಲಿಸಿದರಾಯಿತು, ಡಬ್ಬಿ ಬಿಚ್ಚಬೇಕಾಗಿಲ್ಲ.

ಹಳೆಯ ಆಕ್ಸಲ್

ಗುಜರಿಯಲ್ಲಿ ಸುಲಭವಾಗಿ ಸಿಗುತ್ತದೆ, ನೋಡಲು ಬಲಭೀಮ, ಲಂಬಕೋನದ ತಿರುವೂ ಇದೆ. ಅದಕ್ಕೇ ಎಲ್ಲರಿಗೂ ಇದರ ಮೇಲೆ ಆಸೆ. ಲೆಕ್ಕ ಮಾತ್ರ ಬೇರೆಯದನ್ನೇ ಹೇಳುತ್ತದೆ.

ಅನುಪಾತ 4:1 ಇರುವ ಆಕ್ಸಲ್ ಎನ್ನೋಣ. ವಾಹನದಲ್ಲಿ ಇದ್ದಂತೆಯೇ ಪಿಟಿಓವನ್ನು ಎಂಜಿನ್ನಿನ ಕಡೆಯ ಗೇರಾದ ಪಿನಿಯನ್ನಿಗೆ ಜೋಡಿಸಿ, ಒಳಗಿನ ಸಣ್ಣ ಗೇರುಗಳನ್ನು ವೆಲ್ಡ್ ಮಾಡಿ, ಎರಡು ಗಾಲಿಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ಲನ್ನು ಬಂಧಿಸಿದರೆ ಚಕ್ರ ನಿಮಿಷಕ್ಕೆ ತಿರುಗುವುದು 135 ಸುತ್ತು. ಹಾಗೆ ಬಂಧಿಸದೆ ಒಂದು ಬದಿಯನ್ನು ಬಿಗಿದು ನಿಲ್ಲಿಸಿದರೆ ಇನ್ನೊಂದು ಬದಿ ಇಮ್ಮಡಿ, ಅಂದರೆ 270. 600 ಮಿ.ಮೀ. ಚಕ್ರಕ್ಕೆ ಸೆಕೆಂಡಿಗೆ ಎಂಟೂವರೆ ಮೀಟರ್. ಅದು ಹೆರೆಯುವ ಯಂತ್ರವಲ್ಲ, ಬೊಡ್ಡೆಯೊಡನೆ ಹಗ್ಗಜಗ್ಗಾಟ ಆಡುವ ಯಂತ್ರ.

ತಿರುಗಿಸಿ ಹಾಕುತ್ತೇನೆ ಎನ್ನುವವರಿದ್ದಾರೆ: ಪಿಟಿಓ ಆಕ್ಸಲಿನ ಒಂದು ಬದಿಗೆ, ಚಕ್ರ ಪಿನಿಯನ್ನಿನ ಕಡೆಗೆ. ಡಿಫರೆನ್ಷಿಯಲ್ ವೆಲ್ಡ್ ಮಾಡಿದ್ದರೆ ಆಗ 2160 ಸುತ್ತು, ತುದಿಯ ವೇಗ 68 ಮೀಟರ್. ಅದರ ಹತ್ತಿರ ನಾನಂತೂ ನಿಲ್ಲುವುದಿಲ್ಲ. ವೆಲ್ಡ್ ಮಾಡದೆ ಇನ್ನೊಂದು ಬದಿಯನ್ನು ಬಿಗಿದಿಟ್ಟರೆ 1080 ಸುತ್ತು ಬರುತ್ತದೆ, 34 ಮೀಟರ್, ಹೇಳಿ ಮಾಡಿಸಿದ ವೇಗ. ಆದರೆ ಎರಡು ಬೆಲೆ ತೆರಬೇಕು. ವಾಹನ ತಿರುವು ತೆಗೆದುಕೊಳ್ಳುವಾಗ ಮಾತ್ರ ದುಡಿಯಲೆಂದು ಮಾಡಿದ ಆ ಸಣ್ಣ ಗೇರುಗಳು ಇಲ್ಲಿ ಕ್ಷಣ ಬಿಡುವಿಲ್ಲದೆ ತಿರುಗುತ್ತವೆ. ಬಿಸಿಯಾಗುತ್ತವೆ, ಅವುಗಳ ವಾಷರುಗಳು ಸವೆಯುತ್ತವೆ. ಜೊತೆಗೆ ಪಿನಿಯನ್ ಬೇರಿಂಗುಗಳು ಭಾರದ ಚಕ್ರವನ್ನು ತೂಗಿಸಲು ಮಾಡಿದವಲ್ಲ, ಆದ್ದರಿಂದ ಚಕ್ರಕ್ಕೆ ಬೇರೆ ಶಾಫ್ಟು, ಬೇರೆ ಬೇರಿಂಗು ಕಡ್ಡಾಯ. ಅಷ್ಟೆಲ್ಲ ಮಾಡಿದ ಮೇಲೆ ಸ್ಲ್ಯಾಷರಿನ ಡಬ್ಬಿಗಿಂತ ಉಳಿತಾಯವಾದದ್ದೆಷ್ಟು? ಆಕ್ಸಲ್ ಬಿಟ್ಟಿ ಸಿಕ್ಕಿ, ಸ್ಲ್ಯಾಷರಿನ ಡಬ್ಬಿ ಎಲ್ಲಿಯೂ ಸಿಗದಿದ್ದರೆ, ಮತ್ತು ವರ್ಷಕ್ಕೆ ಹತ್ತಿಪ್ಪತ್ತು ಬೊಡ್ಡೆಗಳಷ್ಟೇ ಇದ್ದರೆ ಮಾತ್ರ ಈ ದಾರಿ. ಇನ್ನು ಲಾರಿಯ ಹಿಂದಿನ ಹಬ್ ಮಾತ್ರ, ಅದರ ಟೇಪರ್ ಬೇರಿಂಗುಗಳ ಸಮೇತ, ಯಾವ ದಾರಿ ಹಿಡಿದವರಿಗೂ ಚಕ್ರ ಕೂರಿಸಲು ಚಿನ್ನದಂಥ ಸಾಮಾನು. ಆಕ್ಸಲ್ ಸಿಕ್ಕರೆ ಹಬ್ ಬಿಚ್ಚಿಕೊಂಡು ಉಳಿದದ್ದನ್ನು ಗುಜರಿಗೇ ಹಿಂತಿರುಗಿಸಿ.

ಬೆಲ್ಟು

ಬೆಲ್ಟಿಗೆ ಒಂದು ದೊಡ್ಡ ಗುಣವಿದೆ: ಕಲ್ಲು ಸಿಕ್ಕಾಗ ಕಿರುಚಿ ಜಾರುತ್ತದೆ, ಏನನ್ನೂ ಮುರಿಯುವುದಿಲ್ಲ. ಪುಲ್ಲಿ ಬದಲಿಸಿ ವೇಗವನ್ನು ಹೆಚ್ಚು ಕಡಿಮೆ ಮಾಡಲೂಬಹುದು. ದೋಷವೆಂದರೆ ಬೆಲ್ಟು ದಿಕ್ಕು ತಿರುಗಿಸುವುದಿಲ್ಲ. ಮುಂದುಹಿಂದಾದ ಚಕ್ರ ಬೇಕಾದರೆ ಹೇಗಿದ್ದರೂ ಒಂದು ಲಂಬಕೋನದ ಡಬ್ಬಿ ಬೇಕು. ವೇಗ ಹೆಚ್ಚಿಸದ 1:1ರ ಡಬ್ಬಿ ಕೈಯಲ್ಲಿದ್ದು, ಮುಂದಿನ ಹೆಚ್ಚಳವನ್ನು ಮೂರು ನಾಲ್ಕು ಸಾಲಿನ ವಿ-ಬೆಲ್ಟಿಗೆ ಬಿಟ್ಟರೆ ಬಹಳ ನಯವಾದ ಯಂತ್ರವಾಗುತ್ತದೆ. ಬೆಲ್ಟುಗಳನ್ನು ಒಂದೇ ಜೋಡಿಯಾಗಿ ತನ್ನಿ, ಹೊಸದಕ್ಕೆ ಹಳೆಯದನ್ನು ಸೇರಿಸಬೇಡಿ. ಬಿಗಿ ಇದ್ದ ಒಂದೇ ಎಲ್ಲ ಭಾರ ಹೊತ್ತು ಸಾಯುತ್ತದೆ. ಚೂರು ಮತ್ತು ಮಣ್ಣು ಒಳನುಗ್ಗದಂತೆ ಪೆಟ್ಟಿಗೆ ಕಟ್ಟಿ.

ಹೈಡ್ರಾಲಿಕ್ ಮೋಟಾರು

ಪಿಟಿಓ ಶಾಫ್ಟಿನ ಗೊಡವೆಯೇ ಇಲ್ಲದೆ, ತೋಳಿನ ತುದಿಗೆ ಮೋಟಾರು ಕೂರಿಸಿ, ಎರಡು ಹೋಸು ಎಳೆದರೆ ತೋಳು ಎತ್ತ ಬೇಕಾದರೂ ಬೀಸಬಹುದು. ಬೀಸಿನ ದೃಷ್ಟಿಯಿಂದ ಇದಕ್ಕೆ ಸಾಟಿ ಇಲ್ಲ. ಆದರೆ ಟ್ರ್ಯಾಕ್ಟರಿನ ಸ್ವಂತ ಪಂಪು ಕೊಡುವ ಶಕ್ತಿಯನ್ನು ಲೆಕ್ಕ ಹಾಕಿ. ನಿಮಿಷಕ್ಕೆ 50 ಲೀಟರ್, 180 ಬಾರ್ ಒತ್ತಡ ಎಂದರೆ ಎರಡನ್ನೂ ಗುಣಿಸಿ 600ರಿಂದ ಭಾಗಿಸಿ: 15 ಕಿಲೋವಾಟ್. ದಾರಿಯಲ್ಲಿ ಐದನೆಯ ಒಂದು ಭಾಗ ಸೋರಿದರೂ ಚಕ್ರಕ್ಕೆ ಸಿಗುವುದು ಸುಮಾರು 16 ಅಶ್ವಶಕ್ತಿ. 50 ಅಶ್ವಶಕ್ತಿಯ ಟ್ರ್ಯಾಕ್ಟರಿನಲ್ಲಿ 16ರ ಕೆಲಸ. ಸೋರಿದ ಪಾಲು ಶಾಖವಾಗಿ ಎಣ್ಣೆಗೆ ಸೇರುತ್ತದೆ; ಆ ಎಣ್ಣೆಯೇ ನಿಮ್ಮ ಗೇರ್‌ಬಾಕ್ಸಿನ ಎಣ್ಣೆಯೂ ಆಗಿರುವ ಟ್ರ್ಯಾಕ್ಟರುಗಳು ಬಹಳ.

ಪಿಟಿಓಗೆ ಬೇರೆ ಪಂಪು, ಬೇರೆ ಟ್ಯಾಂಕು, ಕೂಲರ್ ಇಟ್ಟರೆ ಪೂರ್ತಿ ಶಕ್ತಿ ಸಿಗುತ್ತದೆ, ಖರ್ಚೂ ಪೂರ್ತಿ ಏರುತ್ತದೆ. ಇಲ್ಲಿಯ ಎಲ್ಲ ದಾರಿಗಳಲ್ಲಿ ಅತಿ ದುಬಾರಿ ಅದು. ಅದನ್ನು ಆರಿಸುವವರಿಗೆ ಎರಡು ಮಾತು. ಚಕ್ರವನ್ನು ಮೋಟಾರಿನ ಶಾಫ್ಟಿಗೇ ತೂಗುಹಾಕಬೇಡಿ, ನಡುವೆ ಬೇರಿಂಗ್ ಇರಲಿ. ವಾಲ್ವನ್ನು ಮುಚ್ಚಿದ ತಕ್ಷಣ ಭಾರದ ಚಕ್ರ ನಿಲ್ಲುವುದಿಲ್ಲ. ಅದು ಮೋಟಾರನ್ನೇ ಪಂಪನ್ನಾಗಿ ತಿರುಗಿಸುತ್ತದೆ, ಹೋಸು ಸಿಡಿಯುವಷ್ಟು ಒತ್ತಡ ಏರುತ್ತದೆ. ಮುಚ್ಚಿದಾಗಲೂ ಎಣ್ಣೆ ಸುತ್ತು ಹೊಡೆಯಲು ದಾರಿ ಬಿಡುವ, ಮೋಟಾರಿಗೆಂದೇ ಮಾಡಿದ ವಾಲ್ವನ್ನೇ ತನ್ನಿ.

ಇಕ್ಕಟ್ಟಿನಲ್ಲಿ, ಗೋಡೆ ಬೇಲಿಗಳ ಪಕ್ಕದಲ್ಲಿ ಕೆಲಸ ಮಾಡುವವರಿಗೆ, ಹೈಡ್ರಾಲಿಕ್ ಸಾಮಾನು ಈಗಾಗಲೇ ಕೈಯಲ್ಲಿರುವವರಿಗೆ ಇದು. ಬಯಲಿನಲ್ಲಿ ನೂರು ಬೊಡ್ಡೆ ಇರುವವರಿಗೆ ಅಲ್ಲ.

ಇನ್ನೆರಡು ದಾರಿಗಳನ್ನು ಹೆಸರಿಸಿ ಬಿಡುತ್ತೇನೆ. ಸ್ವಂತ ಎಂಜಿನ್ ಇರುವ ಸಣ್ಣ ಗ್ರೈಂಡರನ್ನು ಟ್ರ್ಯಾಕ್ಟರಿನ ಲಿಫ್ಟಿಗೆ ಕಟ್ಟಿ ಹೊರುವುದು ಒಂದು; ಪಿಟಿಓ ಕೆಟ್ಟಿರುವ, ಆದರೆ ಲಿಫ್ಟ್ ಚೆನ್ನಾಗಿರುವ ಹಳೆಯ ಟ್ರ್ಯಾಕ್ಟರಿಗೆ ಸರಿ. ಗುಂಡಿ ತೋಡುವ ಯಂತ್ರಕ್ಕೆ ಶಂಕುವಿನಾಕಾರದ ತಿರುಪು ಹಾಕಿ ಬೊಡ್ಡೆ ಸೀಳುವುದು ಇನ್ನೊಂದು. ಆ ತಿರುಪಿಗೆ ಮೇಲಿನಿಂದ ಒತ್ತುವ ಬಲ ಬೇಕು, ಟ್ರ್ಯಾಕ್ಟರಿನ ಹಿಂದಿನ ಲಿಫ್ಟ್ ಬಹುಮಟ್ಟಿಗೆ ಎತ್ತುತ್ತದೆಯೇ ಹೊರತು ಒತ್ತುವುದಿಲ್ಲ. ಅಲ್ಲಿಗೆ ಆ ಮಾತು ಮುಗಿಯಿತು.

ಬೀಸು: ತೋಳೋ, ಜಾರುಹಳಿಯೋ?

ಸ್ಲ್ಯಾಷರಿನ ಡಬ್ಬಿಯನ್ನು ಆರಿಸಿದಿರಿ ಎನ್ನೋಣ. ಈಗ ಅದನ್ನು ಎಡಬಲ ಆಡಿಸಬೇಕು, ಪಿಟಿಓ ಶಾಫ್ಟ್ ತಿರುಗುತ್ತಿರುವಾಗಲೇ. ದಾರಿ ಎರಡು.

ತೋಳಾದರೆ, ಲಂಬ ಗೂಟವೊಂದರ ಸುತ್ತ ಡಬ್ಬಿ, ಚಕ್ರ ಎಲ್ಲವೂ ಬಾಗಿಲಿನಂತೆ ತಿರುಗುತ್ತವೆ. ಗೂಟವನ್ನು ಶಾಫ್ಟಿನ ಹಿಂದಿನ ಯುನಿವರ್ಸಲ್ ಜಾಯಿಂಟಿನ, ಅಂದರೆ ಮಣಿಯುವ ಕೀಲಿನ, ನೇರ ಮೇಲೆ ಇಡಬೇಕು. ಕೀಲು ಮಣಿದಷ್ಟೂ ತಿರುಗಾಟ ಏರುಪೇರಾಗುತ್ತದೆ: 30 ಡಿಗ್ರಿ ಮಣಿದರೆ ಪ್ರತಿ ಸುತ್ತಿನಲ್ಲೂ ಎರಡು ಸಲ ವೇಗ ಸುಮಾರು ನೂರಕ್ಕೆ 15ರಷ್ಟು ಏರುತ್ತದೆ, ಅಷ್ಟೇ ಇಳಿಯುತ್ತದೆ. ಭಾರದ ಚಕ್ರ ಆ ಏರಿಳಿತಕ್ಕೆ ಮಣಿಯುವುದಿಲ್ಲ, ಹಾಗಾಗಿ ಕುಲುಕಾಟವೆಲ್ಲ ಶಾಫ್ಟಿಗೆ. ಬೀಸನ್ನು ಒಂದೊಂದು ಬದಿಗೆ 20ರಿಂದ 25 ಡಿಗ್ರಿಗೆ ನಿಲ್ಲಿಸುವ ತಡೆ ಹಾಕಿ. ತೋಳಿನ ಉದ್ದ 1.2 ಮೀಟರ್ ಇದ್ದರೆ 25 ಡಿಗ್ರಿಯಲ್ಲೂ ಒಂದು ಮೀಟರ್ ಅಗಲ ಹೆರೆಯಬಹುದು, ಅದು ಸಾಕು.

ಜಾರುಹಳಿಯಾದರೆ ಡಬ್ಬಿ ಓರೆಯಾಗದೆ ನೇರವಾಗಿ ಪಕ್ಕಕ್ಕೆ ಸರಿಯುತ್ತದೆ. ಆಗ ಶಾಫ್ಟಿನ ಎರಡೂ ಕೀಲುಗಳು ಸಮನಾಗಿ ಮಣಿಯುವುದರಿಂದ ಒಂದರ ಏರುಪೇರನ್ನು ಇನ್ನೊಂದು ಸರಿದೂಗಿಸುತ್ತದೆ. ಶಾಫ್ಟಿನ ಪಾಲಿಗೆ ಇದೇ ಮೇಲು. ಆದರೆ ಹಳಿಗಳ ಮೇಲೆ ಚೂರು, ಮಣ್ಣು, ಹಸಿ ಮರದ ಅಂಟು ಸೇರಿ ಎರಡನೆಯ ದಿನಕ್ಕೇ ಜಾರುವುದು ನಿಲ್ಲುತ್ತದೆ. ನಾನು ಒಮ್ಮೆ ಹಳಿ ಮಾಡಿದೆ, ದಿನವೂ ತೊಳೆದೆ, ಮುಂದಿನ ಬಾರಿ ತೋಳು ಮಾಡಿದೆ.

ಎರಡಕ್ಕೂ ದ್ವಿಮುಖ ಸಿಲಿಂಡರ್, ಮತ್ತು ಮರೆಯದೆ ಹರಿವನ್ನು ಕಿರಿದು ಮಾಡುವ ವಾಲ್ವ್. ಅದಿಲ್ಲದೆ ಟ್ರ್ಯಾಕ್ಟರಿನ ಹೈಡ್ರಾಲಿಕ್ ತೋಳನ್ನು ಬೊಡ್ಡೆಗೆ ಎಸೆಯುತ್ತದೆ. ಆಳಕ್ಕೂ ಇದೇ ಎಚ್ಚರ: ಲಿಫ್ಟ್ ಇಳಿಯುವುದು ಯಂತ್ರದ ತೂಕದಿಂದ, ಆದ್ದರಿಂದ ಸರಪಳಿಯನ್ನೋ ಎತ್ತರ ಬದಲಿಸಬಹುದಾದ ಊರುಗಾಲನ್ನೋ ಕೊಟ್ಟು ಒಂದು ಸಲಕ್ಕೆ ಒಂದು ಅಂಗುಲಕ್ಕಿಂತ ಹೆಚ್ಚು ಇಳಿಯದಂತೆ ಹಿಡಿಯಿರಿ. ಲಿಫ್ಟಿನ ಪಕ್ಕದ ಸರಪಳಿಗಳನ್ನು ಬಿಗಿ ಮಾಡಿ. ಅವು ಸಡಿಲವಾಗಿದ್ದರೆ ತೋಳಿನ ಬದಲು ಇಡೀ ಯಂತ್ರವೇ ಬೀಸುತ್ತದೆ.

ಹಲ್ಲು

ಉಳಿತಾಯ ಮಾಡಲೇಬಾರದ ಜಾಗ ಇದು. 25 ಮಿ.ಮೀ. ದಪ್ಪ, 600 ಮಿ.ಮೀ. ಅಗಲದ ಚಕ್ರ 55 ಕಿಲೋ ತೂಗುತ್ತದೆ. ನಿಮಿಷಕ್ಕೆ ಸುಮಾರು 1040 ಸುತ್ತಿನಲ್ಲಿ ಅದರೊಳಗೆ ಕೂಡಿರುವ ಶಕ್ತಿ ಒಂದು ಟನ್ನಿನ ಕಾರು ಗಂಟೆಗೆ ಸುಮಾರು 20 ಕಿ.ಮೀ. ವೇಗದಲ್ಲಿ ಓಡುವಾಗ ಇರುವಷ್ಟು. ಅರ್ಧ ಕಿಲೋ ತೂಕದ ಹಲ್ಲು ಆಗ ಹೊರಕ್ಕೆ ಜಗ್ಗುವ ಬಲ ಸುಮಾರು 180 ಕಿಲೋ. ಎದುರುಬದುರು ಹಲ್ಲುಗಳಲ್ಲಿ 100 ಗ್ರಾಂ ವ್ಯತ್ಯಾಸವಿದ್ದರೆ ಸೆಕೆಂಡಿಗೆ 17 ಸಲ 36 ಕಿಲೋ ಬಲದಿಂದ ಯಂತ್ರವನ್ನು ಗುದ್ದಿದ ಹಾಗೆ. ಅಡುಗೆಮನೆಯ ತಕ್ಕಡಿಯಾದರೂ ಸರಿ, ಹಲ್ಲುಗಳನ್ನು ತೂಗಿ ಜೋಡಿ ಮಾಡಿ.

ಸಿದ್ಧ ಕಾರ್ಬೈಡ್ ಹಲ್ಲು ಮತ್ತು ಅದರ ಹಿಡಿಕೆಯನ್ನು ಕೊಂಡು ತಂದು ಬೋಲ್ಟ್ ಮಾಡುವುದು ಒಂದು. ಬೆಲೆ ಚುಚ್ಚುತ್ತದೆ, ಆದರೆ ಮಣ್ಣಿನಲ್ಲೂ ಮೊನೆ ನಿಲ್ಲುತ್ತದೆ. ದೊಡ್ಡ ಕಲ್ಲಿಗೆ ಬಡಿದರೆ ಕಾರ್ಬೈಡ್ ಸಿಡಿಯುತ್ತದೆ. ಮೊನೆ ಮಾಡಲು ವಜ್ರದ ಚಕ್ರವೋ ಹಸಿರು ಸಿಲಿಕಾನ್ ಕಾರ್ಬೈಡ್ ಚಕ್ರವೋ ಬೇಕು. ಲಾರಿಯ ಪಟ್ಟಿ ಸ್ಪ್ರಿಂಗನ್ನು ಕತ್ತರಿಸಿ, ತುದಿಗೆ ಗಟ್ಟಿಲೇಪದ ವೆಲ್ಡಿಂಗ್ ಹಾಕಿ ಸ್ವಂತ ಹಲ್ಲು ಮಾಡುವುದು ಇನ್ನೊಂದು. ಮಣ್ಣು ತಾಗಿದೊಡನೆ ಮೊಂಡಾಗುತ್ತದೆ, ಆದರೆ ಆಂಗಲ್ ಗ್ರೈಂಡರಿನಲ್ಲೇ ಮತ್ತೆ ಹರಿತವಾಗುತ್ತದೆ. ಕಲ್ಲು ಹೆಚ್ಚಿರುವ ನೆಲಕ್ಕೆ ಇದೇ ಮೇಲು ಎಂದರೂ ತಪ್ಪಿಲ್ಲ, ಕಳೆದುಕೊಳ್ಳುವುದು ಕಡಿಮೆ. ಒಂದೇ ಷರತ್ತು: ಸ್ಪ್ರಿಂಗ್ ಉಕ್ಕನ್ನು ಚಕ್ರಕ್ಕೆ ನೇರ ವೆಲ್ಡ್ ಮಾಡಬೇಡಿ. ಇಂಗಾಲ ಹೆಚ್ಚಿರುವ ಆ ಉಕ್ಕು ವೆಲ್ಡಿನ ಪಕ್ಕದಲ್ಲಿ ಗಾಜಿನಂತೆ ಪೆಡಸಾಗುತ್ತದೆ. ತೂತು ಕೊರೆದು, ತಲೆಯ ಮೇಲೆ 10.9 ಎಂದು ಗುರುತಿರುವ ಬೋಲ್ಟಿನಿಂದ ಬಿಗಿಯಿರಿ. ರಸ್ತೆ ಕೆತ್ತುವ ಯಂತ್ರದ ಮೊನೆಗಳು ಅಗ್ಗಕ್ಕೆ ಸಿಕ್ಕಿದವೆಂದು ತರಬೇಡಿ. ಅವು ಪುಡಿಮಾಡುವ ಮೊನೆಗಳು, ಹಸಿ ಮರದ ನಾರನ್ನು ಕತ್ತರಿಸುವುದಿಲ್ಲ.

ಯಾವ ಹಲ್ಲೇ ಇರಲಿ, ಕೆಲವು ಎಡಕ್ಕೆ, ಕೆಲವು ಬಲಕ್ಕೆ ಚಾಚಿರಬೇಕು. ಇಲ್ಲವಾದರೆ ಚಕ್ರದ ಮೈ ಮರಕ್ಕೆ ಉಜ್ಜಿ ಹೊಗೆ ಏಳುತ್ತದೆ.

ಮೊದಲ ದಿನ

ನೇರ ದಾರಿಯಾಗಲಿ, ಗೇರ್‌ಬಾಕ್ಸಿನ ಯಾವ ದಾರಿಯಾಗಲಿ, ಪಿಟಿಓ ಶಾಫ್ಟಿನಲ್ಲಿ ಶಿಯರ್ ಬೋಲ್ಟೋ ಹೊರೆ ಮೀರಿದಾಗ ಜಾರುವ ಸ್ಲಿಪ್ ಕ್ಲಚ್ಚೋ ಇರಲೇಬೇಕು. ಕಲ್ಲಿನ ನೆಲವಾದರೆ ಸ್ಲಿಪ್ ಕ್ಲಚ್ ಕೊಳ್ಳಿ, ದಿನಕ್ಕೆ ಹತ್ತು ಬೋಲ್ಟ್ ಬದಲಿಸುವ ತಾಳ್ಮೆ ಯಾರಿಗೂ ಇರುವುದಿಲ್ಲ. ಆದರೆ ಮಳೆಗಾಲ ಕಳೆದ ಮೇಲೆ ಅದರ ಬಿಲ್ಲೆಗಳು ತುಕ್ಕಿನಿಂದ ಅಂಟಿಕೊಂಡಿರುತ್ತವೆ, ಒಮ್ಮೆ ಸಡಿಲಿಸಿ ಜಾರಿಸಿ ಮತ್ತೆ ಬಿಗಿಯಬೇಕು. ಕ್ಲಚ್ ತುಳಿದಾಗ ಪಿಟಿಓ ಕೂಡ ನಿಲ್ಲುವ ಹಳೆಯ ಟ್ರ್ಯಾಕ್ಟರಾದರೆ ಒಂದೇ ಕಡೆಗೆ ಹಿಡಿಯುವ ಕಪ್ಲಿಂಗ್ ಹಾಕಿ. ಇಲ್ಲದಿದ್ದರೆ ತಿರುಗುತ್ತಿರುವ ಚಕ್ರವೇ ಟ್ರ್ಯಾಕ್ಟರನ್ನು ಮುಂದಕ್ಕೆ ತಳ್ಳುತ್ತದೆ. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಮೊದಲು ಅದನ್ನು ಬದಲಿಸಿ. ಸೆಕೆಂಡಿಗೆ 9 ಸುತ್ತು ಹಾಕುವ ಶಾಫ್ಟಿಗೆ ಪಂಚೆಯ ತುದಿ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವಿಲ್ಲ.

ಬೊಡ್ಡೆಯ ಸುತ್ತ ನೀರಿನ ಕೊಳವೆ, ವಿದ್ಯುತ್ ತಂತಿ ಹೂತಿಲ್ಲವೆಂದು ಖಚಿತ ಮಾಡಿಕೊಂಡು, ಸುತ್ತ ಯಾರೂ ಇಲ್ಲದಾಗ, ಮೊದಲು ಎಂಜಿನ್ನಿನ ಅತಿ ಕಡಿಮೆ ವೇಗದಲ್ಲಿ ಚಕ್ರವನ್ನು ಗಾಳಿಯಲ್ಲಿ ತಿರುಗಿಸಿ. ಟ್ರ್ಯಾಕ್ಟರಿನ ಕನ್ನಡಿ ನಡುಗಿದರೆ ನಿಲ್ಲಿಸಿ, ಹಲ್ಲುಗಳನ್ನು ಮತ್ತೆ ತೂಗಿ. ನಡುಗದಿದ್ದರೆ ಹಂತಹಂತವಾಗಿ ಏರಿಸಿ ಹತ್ತು ನಿಮಿಷ ಬಿಡಿ. ಬಳಿಕ ಎಂಜಿನ್ ಆರಿಸಿ, ಚಕ್ರ ಪೂರ್ತಿ ನಿಂತ ಮೇಲೆ ಇಳಿದು ಬೇರಿಂಗುಗಳನ್ನು ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಜೋಡಣೆ ಓರೆಯಾಗಿದೆ. ಮೊದಲ ಬೊಡ್ಡೆಗೆ ಮೆದು ಮರದ, ಕಲ್ಲಿಲ್ಲದ ಜಾಗದ ಒಂದನ್ನು ಆರಿಸಿ, ಅರ್ಧ ಹೆರೆದ ಮೇಲೆ ನಿಲ್ಲಿಸಿ ಪ್ರತಿ ಹಲ್ಲಿನ ಬೋಲ್ಟನ್ನೂ ಮತ್ತೆ ಬಿಗಿಯಿರಿ. ಎರಡು ಮೂರಾದರೂ ಸಡಿಲಾಗಿರುತ್ತವೆ.